ಪದ ಪರಿಚಯ: ಮಾನವರಹಿತ ನೌಕೆ

ಯಾದಗಿರಿಯ ನಮ್ಮ ಪಕ್ಕದ ಮನೆ ಹುಡುಗ ನೌಕರಿ ಪರೀಕ್ಷೆಗೆ ಓದುತ್ತಿದ್ದಾನೆ. ಮೊನ್ನೆ ಪೇಪರ್ ಹಿಡಿದು ಬಂದ. "ಕಾಕಾ, ನೌಕಾಪಡೆಗೆ ಮಾನವರಹಿತ ನೌಕೆ ಅಂತ ಬರದಾರ. ಡ್ರೋನ್ ಇದ್ದಂಗೇನ್ರಿ?" ಅರ್ಧ ಹೌದು ಅಂದೆ. ಉಳಿದರ್ಧ ಹೇಳಲು ಭೀಮಾ ಹೊಳೆ ಬೇಕಾಯಿತು.

ರಹಿತ ಅಂದರೆ ಇಲ್ಲದ್ದು. ಹೊಳೆದಂಡೆಯ ಮಾತಿನಲ್ಲಿ ಹೇಳಿದರೆ ಅಂಬಿಗನಿಲ್ಲದ ದೋಣಿ. ಹಾಗಾದರೆ ಹುಟ್ಟು ಹಾಕುವವರು ಯಾರು? ಇಲ್ಲೇ ಪದ ಎರಡಾಗಿ ಒಡೆಯುತ್ತದೆ. ದೂರದಲ್ಲಿ ಕೂತ ಮನುಷ್ಯ ರೇಡಿಯೊದಿಂದ ನಡೆಸಿದರೆ ಅದು ದೂರನಿಯಂತ್ರಿತ. ಇದು ಹಳೆಯ ವಿದ್ಯೆ. 1898ರಲ್ಲೇ ವಿಜ್ಞಾನಿ ನಿಕೋಲಾ ಟೆಸ್ಲಾ ನ್ಯೂಯಾರ್ಕ್‌ನಲ್ಲಿ ಇಂಥ ಪುಟ್ಟ ದೋಣಿ ಓಡಿಸಿ ತೋರಿಸಿದ್ದ. ತಾನೇ ನೋಡಿ ತಾನೇ ದಾರಿ ಹಿಡಿದರೆ ಅದು ಸ್ವಾಯತ್ತ. ನಮ್ಮ ದೇಶದ್ದೇ ಆದ 'ಮಾತಂಗಿ' ಎಂಬ ದೋಣಿ 2024ರಲ್ಲಿ ಮುಂಬೈನಿಂದ ತೂತ್ತುಕುಡಿಯ ಕಡೆಗೆ, ಸುಮಾರು 1,500 ಕಿಲೋಮೀಟರ್ ದಾರಿಗೆ, ಹೀಗೆ ಹೊರಟಿತ್ತು.

ನೀರಿನ ಮೇಲೆ ತೇಲುವಾಗ ರೇಡಿಯೊ ಸಿಗುತ್ತದೆ, ಜಿಪಿಎಸ್ ಸಿಗುತ್ತದೆ. ಮುಳುಗಿದ ಮೇಲೆ ಎರಡೂ ಇಲ್ಲ. ಉಪ್ಪುನೀರು ರೇಡಿಯೊ ಅಲೆಯನ್ನು ನುಂಗಿಬಿಡುತ್ತದೆ. ಉಳಿಯುವುದು ಸದ್ದು ಮಾತ್ರ.

ಸಣ್ಣವರಿದ್ದಾಗ ಭೀಮಾದಲ್ಲಿ ಒಂದಾಟ ಆಡುತ್ತಿದ್ದೆವು. ಒಬ್ಬ ಮುಳುಗಬೇಕು, ದೂರದಲ್ಲಿ ಇನ್ನೊಬ್ಬ ನೀರೊಳಗೆ ಎರಡು ಕಲ್ಲು ಕುಟ್ಟಬೇಕು. ದಂಡೆಯಿಂದ ಎಷ್ಟು ಕೂಗಿದರೂ ಕೇಳದವನಿಗೆ ಆ 'ಟಕ್' ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡಿದರೆ, ಕಡಲ ನೀರಿನಲ್ಲಿ ಸುಮಾರು 1,500 ಮೀಟರ್. ಆದರೆ ಸದ್ದಿನಲ್ಲಿ ಹೊರಿಸಬಹುದಾದ ಮಾಹಿತಿ ಬಹಳ ಕಡಿಮೆ. ಎರಡು ಕಲ್ಲು ಕುಟ್ಟಿ 'ಇದ್ದೀನಿ' ಅನ್ನಬಹುದು, ಇಡೀ ಕಥೆ ಹೇಳೋಕಾಗಲ್ಲ, ಅಲ್ವಾ? ಅದಕ್ಕೇ ಆಳಕ್ಕೆ ಹೋಗುವ ಯಂತ್ರ ಸ್ವಾಯತ್ತವಾಗಲೇಬೇಕು. ಇಲ್ಲವೇ ಉದ್ದನೆಯ ಕೇಬಲ್ ಕಟ್ಟಿಕೊಂಡು ಇಳಿಯಬೇಕು. ಆಕಾಶದ ಡ್ರೋನಿಗೆ ಈ ಕಷ್ಟ ಇಲ್ಲ.

ಇಷ್ಟು ಕಷ್ಟಪಡುವುದು ಯಾಕೆ? ನನಗೆ ಮುಖ್ಯವಾಗಿ ಕಾಣುವುದು ಮೈನ್ ಹುಡುಕುವ ಕೆಲಸ. ಕಡಲಲ್ಲಿ ಅಡಗಿಸಿಟ್ಟ ಸ್ಫೋಟಕದ ಹತ್ತಿರ ಮುಳುಗುಗಾರನನ್ನು ಕಳಿಸುವುದಕ್ಕಿಂತ ಯಂತ್ರ ಕಳಿಸುವುದು ಲೇಸು. ಒಡೆದರೆ ಯಂತ್ರ ಒಡೆಯಲಿ, ಯಾರದೋ ಮನೆಯ ಮಗ ಉಳಿಯುತ್ತಾನೆ. ಕೋಲ್ಕತ್ತಾದ ಗಾರ್ಡನ್ ರೀಚ್ ಹಡಗುಕಟ್ಟೆ 2023ರಲ್ಲಿ ನೀರಿಗಿಳಿಸಿದ 'ನೀರಾಕ್ಷಿ' ಇಂಥ ಕೆಲಸಕ್ಕೆಂದೇ ಮಾಡಿದ್ದು. ದಾಳಿಗೂ ಇವು ಬಳಕೆಯಾಗಿವೆ. 2022ರ ಅಕ್ಟೋಬರ್‌ನಲ್ಲಿ ಸೆವಾಸ್ಟೊಪೋಲ್ ಬಂದರಿನಲ್ಲಿದ್ದ ರಷ್ಯಾದ ಹಡಗುಗಳ ಮೇಲೆ ಉಕ್ರೇನ್ ನುಗ್ಗಿಸಿದ್ದು ಅಂಬಿಗನಿಲ್ಲದ ದೋಣಿಗಳನ್ನೇ.

"ಹಂಗಾದ್ರ ಮನುಷ್ಯಾರ ಕೆಲ್ಸನ ಇಲ್ಲೇನ್ರಿ?" ಅಂದ ಹುಡುಗ. ಕೆಲಸ ಮೊದಲೇ ಇರುತ್ತದೆ, ಅಂದೆ. ಬ್ಯಾಟರಿ ಇಳಿದರೆ ಏನು ಮಾಡಬೇಕು, ಬಲೆಗೆ ಸಿಕ್ಕರೆ ಏನು, ದಾರಿ ತಪ್ಪಿದರೆ ಎಲ್ಲಿ ಮೇಲೇಳಬೇಕು, ಎಲ್ಲವನ್ನೂ ಯಾರೋ ಕೂತು ಮುಂಚೆಯೇ ಯೋಚಿಸಿ ಬರೆದಿಟ್ಟಿರುತ್ತಾರೆ. ಆಮೇಲೆ ಹಡಗಿನ ಅಂಚಿನಲ್ಲಿ ನಿಂತು, ಹೇಳಿದ ಹೊತ್ತಿಗೆ ಅದು ಮೇಲೆ ಬರುತ್ತದಾ ಅಂತ ನೀರನ್ನೇ ನೋಡುತ್ತಿರುತ್ತಾರೆ.