ಹಿತ್ತಲಿನ ಮೊಲದ ಮರಿಗಳನ್ನು ತಾಯಿ ಬಿಟ್ಟುಹೋಗಿದೆಯೇ?

ಪ್ರಶ್ನೆ: ನಾವು ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದೇವೆ. ಹಿತ್ತಲಿನ ಹುಲ್ಲು ಕತ್ತರಿಸುವಾಗ ಸಣ್ಣ ಕುಳಿಯೊಂದರಲ್ಲಿ ನಾಲ್ಕು ಮೊಲದ ಮರಿಗಳು ಕಂಡವು. ಹಗಲೆಲ್ಲ ಕಾದರೂ ತಾಯಿ ಬರಲಿಲ್ಲ. ಮರಿಗಳನ್ನು ಒಳಗೆ ತಂದು ಹಾಲು ಕುಡಿಸಬೇಕೇ?

ಉತ್ತರ: ಖಂಡಿತ ಬೇಡ. ನಿಮ್ಮ ಹಿತ್ತಲಿನಲ್ಲಿರುವುದು ಬಹುಮಟ್ಟಿಗೆ ಕಾಟನ್‌ಟೇಲ್ ಮೊಲ. ಹಗಲಿನಲ್ಲಿ ಗೂಡಿನ ಹತ್ತಿರ ಸುಳಿಯದಿರುವುದು ಅದರ ಸಹಜ ರೀತಿ. ಯುರೋಪಿನ ಕಾಡುಮೊಲಗಳಂತೆ ಇದು ನೆಲದಡಿ ಬಿಲಗಳನ್ನು ತೋಡುವುದಿಲ್ಲ. ಗೇಣಿಗಿಂತ ಕಡಿಮೆ ಆಳದ ಕುಳಿಯೊಂದನ್ನು ಕೆರೆದು, ಒಣಹುಲ್ಲನ್ನೂ ತನ್ನ ಹೊಟ್ಟೆಯಿಂದ ಕಿತ್ತ ತುಪ್ಪಳವನ್ನೂ ಹಾಸಿ, ಮರಿಗಳನ್ನು ಅದರಿಂದಲೇ ಮುಚ್ಚಿ ಹೊರಟುಬಿಡುತ್ತದೆ. ತಾಯಿ ಅಲ್ಲೇ ಕುಳಿತಿದ್ದರೆ ನರಿ, ಗಿಡುಗ, ಬೆಕ್ಕುಗಳಿಗೆ ಗೂಡಿನ ಸುಳಿವು ಸಿಗುತ್ತದೆ. ಆದ್ದರಿಂದ ಅದು ಹೆಚ್ಚಾಗಿ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ಬಂದು, ಕೆಲವೇ ನಿಮಿಷ ಹಾಲೂಡಿಸಿ ಹೋಗುತ್ತದೆ. ಹಾಲು ಬಹಳ ಗಟ್ಟಿಯಾಗಿರುವುದರಿಂದ ಮರಿಗಳಿಗೆ ಅಷ್ಟೇ ಸಾಕಾಗುತ್ತದೆ.

ಮರಿಗಳ ಅಸಹಾಯಕ ರೂಪ ನಮ್ಮನ್ನು ಗಾಬರಿಗೊಳಿಸುವುದು ಸಹಜ. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಕಾಣುವ ಮೊಲದ ಮರಿಗಳು ಹುಟ್ಟುವಾಗಲೇ ಮೈತುಂಬ ಕೂದಲು ಹೊತ್ತು ಕಣ್ಣು ತೆರೆದಿರುತ್ತವೆ; ಕಾಟನ್‌ಟೇಲ್ ಮರಿಗಳಾದರೋ ಕಣ್ಣು ಮುಚ್ಚಿಕೊಂಡು, ಹೆಚ್ಚುಕಡಿಮೆ ಬೋಳಾಗಿಯೇ ಹುಟ್ಟುತ್ತವೆ. ಸುಮಾರು ಒಂದು ವಾರಕ್ಕೆ ಕಣ್ಣು ಬಿಡುತ್ತವೆ, ಎರಡು ಮೂರು ವಾರಕ್ಕೆ ಗೂಡನ್ನೇ ತೊರೆಯುತ್ತವೆ. ಮುಷ್ಟಿಗಾತ್ರದ ಮರಿಯೊಂದು ಕಿವಿ ನಿಮಿರಿಸಿಕೊಂಡು ಒಂಟಿಯಾಗಿ ಓಡಾಡುತ್ತಿದ್ದರೆ ಅದನ್ನು ಅನಾಥವೆಂದು ಹಿಡಿದು ತರುವವರೇ ಹೆಚ್ಚು, ಆದರೆ ಅದು ಆಗಲೇ ಸ್ವತಂತ್ರವಾಗಿ ಬದುಕಲು ಹೊರಟ ಮರಿ.

ಅನುಮಾನ ತೀರದಿದ್ದರೆ ಗೂಡಿನ ಮೇಲೆ ನಾಲ್ಕೈದು ತೆಳು ಕಡ್ಡಿಗಳನ್ನು ಅಡ್ಡಡ್ಡಲಾಗಿ ಇಟ್ಟು, ಮರುದಿನ ಬೆಳಿಗ್ಗೆ ನೋಡಿ. ಕಡ್ಡಿಗಳು ಸರಿದಿದ್ದು, ಮರಿಗಳ ಹೊಟ್ಟೆ ಉಬ್ಬಿಕೊಂಡು ಮೈ ಬೆಚ್ಚಗಿದ್ದರೆ ತಾಯಿ ಬಂದುಹೋಗಿದೆ ಎಂದೇ ಅರ್ಥ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ. ಕುಳಿಯಿಂದ ಹೊರಬಿದ್ದ ಮರಿಯನ್ನು ಧಾರಾಳವಾಗಿ ಒಳಗಿಟ್ಟು ಹುಲ್ಲು ಮುಚ್ಚಬಹುದು. ಹಸುವಿನ ಹಾಲನ್ನು ಮಾತ್ರ ಕುಡಿಸಲೇಬೇಡಿ, ಅವುಗಳ ಸೂಕ್ಷ್ಮವಾದ ಜೀರ್ಣಾಂಗಕ್ಕೆ ಅದು ಹಿಡಿಸುವುದಿಲ್ಲ. ಬೆಕ್ಕು ಕಚ್ಚಿದ ಮರಿಯಾದರೆ, ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ, ಪರವಾನಗಿ ಪಡೆದ ವನ್ಯಜೀವಿ ಆರೈಕೆದಾರರಿಗೆ ತಕ್ಷಣ ಒಪ್ಪಿಸಬೇಕು.

ಮರಿಗಳು ಹೊರಟುಹೋಗುವವರೆಗೆ ಆ ಜಾಗದ ಹುಲ್ಲನ್ನು ಹಾಗೆಯೇ ಬಿಟ್ಟು, ನಾಯಿಯನ್ನು ಕಟ್ಟಿಹಾಕಿ. ಹೆಣ್ಣು ಮೊಲ ಮರಿ ಹಾಕಿದ ಕೆಲವೇ ಗಂಟೆಗಳಲ್ಲಿ ಮತ್ತೆ ಗರ್ಭ ಧರಿಸಬಲ್ಲದು, ಬಸಿರಿನ ಅವಧಿ ಸುಮಾರು 28 ದಿನ. ಹೀಗಾಗಿ ಬೇಸಿಗೆ ಮುಗಿಯುವವರೆಗೂ ಹುಲ್ಲು ಕತ್ತರಿಸುವ ಮುನ್ನ ಒಮ್ಮೆ ಹಿತ್ತಲಿನಲ್ಲಿ ನಡೆದಾಡಿ, ಒಣಹುಲ್ಲಿನ ತೇಪೆಯಂಥದ್ದು ಎಲ್ಲಾದರೂ ಇದೆಯೇ ಎಂದು ನೋಡಿಕೊಳ್ಳಿ.