ಹೋರಿ ಬೀಜ ಉಳಿಯುತ್ತೆ, ಕಿಡ್ನಿ ಯಾಕೆ ಉಳಿಯಲ್ಲ?

ನಮ್ಮ ಕೊಟ್ಟಿಗೆಯಲ್ಲಿ ಹಸು ಬೆದೆಗೆ ಬಂದರೆ ದನದ ಡಾಕ್ಟ್ರಿಗೆ ಫೋನ್ ಹೋಗುತ್ತದೆ. ತೀರ್ಥಹಳ್ಳಿಯಿಂದ ಒಳಗಿರುವ ಊರು ನಮ್ಮದು. ಅವರ ಬೈಕು ಅಂಗಳಕ್ಕೆ ಬಂದು ನಿಲ್ಲುವಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಬೈಕಿನ ಹಿಂದೆ ಹಾಲಿನ ಕ್ಯಾನಿನ ಥರದ್ದೇ ಒಂದು ಪುಟ್ಟ ಕ್ಯಾನು. ಮುಚ್ಚಳ ತೆಗೆದರೆ ಬಿಳಿ ಹೊಗೆ. ಒಳಗಿರುವುದು ದ್ರವ ಸಾರಜನಕ, ಮೈನಸ್ 196 ಡಿಗ್ರಿ. ಅದರಲ್ಲಿ ಮುಳುಗಿರುವ ತೆಳ್ಳನೆಯ ಸ್ಟ್ರಾ ಒಂದನ್ನು ಇಕ್ಕಳದಿಂದ ಎತ್ತಿ, ಬೆಚ್ಚಗಿನ ನೀರಿಗೆ ಹಾಕಿ, ಅರ್ಧ ನಿಮಿಷ ಕಾಯುತ್ತಾರೆ. ವರ್ಷಗಟ್ಟಲೆ ಕಲ್ಲಾಗಿದ್ದ ಹೋರಿಯ ವೀರ್ಯಕ್ಕೆ ಮತ್ತೆ ಜೀವ ಬಂದಿರುತ್ತದೆ.

ಕಳೆದ ಸಲ ಅಪ್ಪಯ್ಯ ಇದನ್ನು ನೋಡುತ್ತ ನಿಂತಿದ್ದರು. ನಮ್ಮ ಪಕ್ಕದ ಮನೆಯವರಿಗೆ ಎರಡೂ ಕಿಡ್ನಿ ಹೋಗಿ ಎರಡು ವರ್ಷ ಆಯಿತು. ವಾರಕ್ಕೆ ಮೂರು ಸಲ ಮೊದಲ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗಿ, ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಂಡು, ಸಂಜೆ ಬಸವಳಿದು ಮನೆಗೆ ಬರುತ್ತಾರೆ. ಕಿಡ್ನಿಗಾಗಿ ಹೆಸರು ಬರೆಸಿದ್ದಾರೆ. ಅಪ್ಪಯ್ಯನ ತಲೆಯಲ್ಲಿ ಅದೇ ಇತ್ತೋ ಏನೋ, ಥಟ್ಟನೆ ಕೇಳಿದರು: “ಅಲ್ದಾ, ಹೋರಿ ಬೀಜ ಇಷ್ಟು ವರ್ಷ ಇಡ್ತಾರೆ ಅಂದ್ರೆ ಕಿಡ್ನಿ ಯಾಕೆ ಹಿಂಗೇ ಇಡಕಾಗಲ್ಲ?”

ಡಾಕ್ಟ್ರು ನಕ್ಕರು. ನಾನೂ ನಕ್ಕೆ. ಆಮೇಲೆ ಯೋಚಿಸಿದರೆ, ಅಂಗಾಂಗ ಕಸಿಯ ವಿಜ್ಞಾನಿಗಳು 70 ವರ್ಷದಿಂದ ತಲೆ ಕೆಡಿಸಿಕೊಂಡಿರುವುದು ಇದೇ ಪ್ರಶ್ನೆಗೆ.

ಕಸಿ ಮಾಡುವ ಕೈಚಳಕ ಯಾವತ್ತೋ ಬಂದಿದೆ. 1954ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನ ಜೋಸೆಫ್ ಮರ್ರೆ ಒಬ್ಬ ರೋಗಿಗೆ ಅವನ ಅವಳಿ ಸಹೋದರನ ಕಿಡ್ನಿ ಹಾಕಿ ಗೆದ್ದರು. 1967ರಲ್ಲಿ ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಹೃದಯವನ್ನೇ ಬದಲಾಯಿಸಿದರು. ಆ ರೋಗಿ ಬದುಕಿದ್ದು 18 ದಿನ. ಭಾರತದಲ್ಲಿ ಹೃದಯ ಕಸಿ ಮೊದಲು ಯಶಸ್ವಿಯಾದದ್ದು 1994ರಲ್ಲಿ, ದೆಹಲಿಯ ಏಮ್ಸ್‌ನಲ್ಲಿ, ಡಾ. ಪಿ. ವೇಣುಗೋಪಾಲ್ ಅವರಿಂದ. ಬೇರೆಯವರ ಅಂಗವನ್ನು ಮೈ ತಿರಸ್ಕರಿಸದ ಹಾಗೆ ತಡೆಯುವ ಮಾತ್ರೆಗಳೂ ಬಂದವು. ಬಗ್ಗದೆ ಉಳಿದದ್ದು ಗಡಿಯಾರ.

ಒಂದು ಅಂಗಕ್ಕೆ ರಕ್ತ ನಿಂತ ಕ್ಷಣದಿಂದ ಲೆಕ್ಕ ಶುರು. ಹೃದಯಕ್ಕೆ ಸುಮಾರು 4 ಗಂಟೆ, ಶ್ವಾಸಕೋಶಕ್ಕೆ 6ರಿಂದ 8, ಲಿವರಿಗೆ ಹೆಚ್ಚೂಕಡಿಮೆ 12. ಕಿಡ್ನಿ ಇದ್ದುದರಲ್ಲಿ ಗಟ್ಟಿ ಪಿಂಡ, ಒಂದು ಒಂದೂವರೆ ದಿನ ತಡೆಯುತ್ತದೆ. ಹೃದಯದ ಆ 4 ಗಂಟೆಯಲ್ಲಿ ಪ್ರಯಾಣ ಮಾತ್ರ ಇಲ್ಲ, ಇನ್ನೊಬ್ಬರ ಎದೆಯಲ್ಲಿ ಅದನ್ನು ಹೊಲಿದು ರಕ್ತ ಬಿಡುವವರೆಗಿನ ಹೊತ್ತೂ ಸೇರಿದೆ. ಶಿವಮೊಗ್ಗದಿಂದ ಬೆಂಗಳೂರಿಗೆ 300 ಕಿಲೋಮೀಟರ್, ರಸ್ತೆಯಲ್ಲಿ ಐದು ಗಂಟೆಗೆ ಕಡಿಮೆಯಿಲ್ಲ. ಟೀವಿಯಲ್ಲಿ ತೋರಿಸುತ್ತಾರಲ್ಲ, ಪೊಲೀಸರು ‘ಝೀರೋ ಟ್ರಾಫಿಕ್’ ಮಾಡಿಕೊಟ್ಟು ಆಂಬುಲೆನ್ಸ್ ಹಾರಿಸುವುದು, ಅದನ್ನು ಮಾಡಿದರೂ ಹೃದಯದ ಲೆಕ್ಕ ಕೂಡಿಬರುವುದು ಕಷ್ಟ. 2023ರಿಂದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಇದೆ, ಸರಿ. ಆದರೆ ಆಷಾಢದಲ್ಲಿ ಮೋಡ ನೆಲಕ್ಕಿಳಿದು ಕೂತ ದಿನ ವಿಮಾನವನ್ನು ನಂಬಿಕೊಂಡು ಯಾರು ಕೂರುತ್ತಾರೆ?

ಈ ಗಡಿಯಾರವನ್ನು ನಿಧಾನ ಮಾಡುವ ಸುಲಭದ ದಾರಿ ತಣ್ಣಗೆ ಇಡುವುದು. 4 ಡಿಗ್ರಿಗೆ ಇಳಿಸಿದರೆ ಜೀವಕೋಶದ ಹಸಿವು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹಾಗಾಗಿ ಅಂಗವನ್ನು ದ್ರಾವಣ ತುಂಬಿದ ಚೀಲದಲ್ಲಿಟ್ಟು, ಆ ಚೀಲವನ್ನು ಇನ್ನೊಂದು ಚೀಲದಲ್ಲಿಟ್ಟು, ಐಸ್ ಬಾಕ್ಸಿಗೆ ಹಾಕಿ ಒಯ್ಯುತ್ತಾರೆ. ಹೌದು, ಮೀನು ತರುವ ಥರದ್ದೇ ಪೆಟ್ಟಿಗೆ. ಗುಟ್ಟು ಇರುವುದು ಆ ದ್ರಾವಣದಲ್ಲಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬೆಲ್ಜರ್ ಮತ್ತು ಸೌತಾರ್ಡ್ ಅದನ್ನು 1980ರ ದಶಕದಲ್ಲಿ ಕಂಡುಹಿಡಿದರು. ಚಳಿಯಲ್ಲಿ ಜೀವಕೋಶದ ಉಪ್ಪು ಹೊರಹಾಕುವ ಪಂಪು ನಿಂತುಹೋಗಿ, ಒಳಗೆ ನೀರು ನುಗ್ಗಿ, ಕೋಶ ಊದಿಕೊಳ್ಳುತ್ತದೆ. ಅದನ್ನು ತಡೆಯಲು ಕೋಶದೊಳಗೆ ನುಸುಳಲಾರದ ದಪ್ಪ ಕಣಗಳನ್ನು ಹೊರಗಿನ ನೀರಿನಲ್ಲಿ ಬೆರೆಸಿಟ್ಟರು. ಅದರಲ್ಲಿ ಒಂದು ಹಾಲಿನ ಸಕ್ಕರೆಯಿಂದ ಮಾಡಿದ್ದು. ಇನ್ನೊಂದು ರ‍್ಯಾಫಿನೋಸ್. ಅವರೆಕಾಳು ತಿಂದ ರಾತ್ರಿ ಹೊಟ್ಟೆ ಗುಡುಗುಡು ಅನ್ನುತ್ತದಲ್ಲ, ಅದಕ್ಕೆ ಕಾರಣವಾಗುವ ಸಕ್ಕರೆಗಳಲ್ಲಿ ಇದೂ ಒಂದು. ನಮಗೆ ಗ್ಯಾಸ್ ತರುವ ವಸ್ತು ಅಲ್ಲಿ ಲಿವರ್ ಕಾಯುತ್ತದೆ!

ಇಷ್ಟಾದರೂ ಅದು ಫ್ರಿಜ್ಜಿನ ಚಳಿ, ಫ್ರೀಜರಿನದ್ದಲ್ಲ. ಸೊನ್ನೆಗಿಂತ ಕೆಳಗೆ ಹೋದರೆ ಏನಾಗುತ್ತದೆ ಅನ್ನುವುದು ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತು. ಎಳೆ ಸೌತೆಕಾಯಿಯನ್ನು ಮರೆತು ಫ್ರೀಜರಿನಲ್ಲಿಟ್ಟು ಮಾರನೇ ದಿನ ಕರಗಿಸಿ ನೋಡಿ. ಆಕಾರ ಇರುತ್ತದೆ, ಆದರೆ ಒದ್ದೆ ಬಟ್ಟೆಯ ಹಾಗೆ ಜೋಲುತ್ತದೆ. ನೀರು ಮಂಜಾದಾಗ ಸುಮಾರು 9 ಶೇಕಡ ಹಿಗ್ಗುತ್ತದೆ. ಹರಳಿನ ಮೊನೆಗಳು ಕೋಶದ ಗೋಡೆಯನ್ನು ಸೀಳುತ್ತವೆ. ಅದಕ್ಕೂ ಮೊದಲೇ ಇನ್ನೊಂದು ಅನಾಹುತ ನಡೆದಿರುತ್ತದೆ. ಮಂಜಾಗುವುದು ಶುದ್ಧ ನೀರು ಮಾತ್ರ, ಉಪ್ಪೆಲ್ಲ ಹಿಂದೆ ಉಳಿಯುತ್ತದೆ. ಉಳಿದ ನೀರು ಉಪ್ಪಿನಕಾಯಿಯ ರಸದಂತಾಗಿ ಕೋಶದೊಳಗಿನ ನೀರನ್ನೂ ಹೀರುತ್ತದೆ. ಮಿಡಿ ಮಾವು ಉಪ್ಪಿನಲ್ಲಿ ಸುಕ್ಕುಗಟ್ಟುವ ಹಾಗೆ ಕೋಶ ಸುಕ್ಕುಗಟ್ಟುತ್ತದೆ.

ಹಾಗಾದರೆ ಹೋರಿ ವೀರ್ಯ ಬದುಕಿದ್ದು ಹೇಗೆ? ಇದು ನನಗೆ ತುಂಬಾ ಇಷ್ಟವಾದ ಕತೆ. 1940ರ ದಶಕದ ಕೊನೆಯಲ್ಲಿ ಲಂಡನ್ನಿನ ಲ್ಯಾಬೊಂದರಲ್ಲಿ ಕ್ರಿಸ್ಟೋಫರ್ ಪೋಲ್ಜ್ ಮತ್ತು ಅವರ ಜೊತೆಗಾರರು ಹುಂಜದ ವೀರ್ಯವನ್ನು ಹಣ್ಣಿನ ಸಕ್ಕರೆಯ ನೀರಿನಲ್ಲಿ ಹೆಪ್ಪುಗಟ್ಟಿಸಿ ನೋಡುತ್ತಿದ್ದರು. ಎಲ್ಲ ಸಲವೂ ಸೋಲು. ಒಂದು ಸಲ ಮಾತ್ರ ವೀರ್ಯಾಣುಗಳು ಬದುಕಿ ಓಡಾಡಿದವು. ಏನು ವ್ಯತ್ಯಾಸ ಎಂದು ಬಾಟಲಿಯ ತಳದಲ್ಲಿ ಉಳಿದದ್ದನ್ನು ಪರೀಕ್ಷಿಸಿದರೆ ಅದರಲ್ಲಿ ಸಕ್ಕರೆಯೇ ಇರಲಿಲ್ಲ! ಚೀಟಿ ಅದಲುಬದಲಾಗಿತ್ತು. ಒಳಗಿದ್ದದ್ದು ಗ್ಲಿಸರಿನ್. ಚಳಿಗಾಲದಲ್ಲಿ ಒಡೆದ ಹಿಮ್ಮಡಿಗೆ ನಾವು ಹಚ್ಚುವ ಅದೇ ಗ್ಲಿಸರಿನ್. ನೀರಿನ ಕಣಗಳನ್ನು ಹಿಡಿದುಕೊಂಡು ಹರಳಾಗಲು ಬಿಡದ ಗುಣ ಅದಕ್ಕಿದೆ. 1949ರಲ್ಲಿ ಇದು ಪ್ರಕಟವಾಯಿತು. ಎರಡೇ ವರ್ಷದಲ್ಲಿ, 1951ಕ್ಕೆ, ಹೆಪ್ಪುಗಟ್ಟಿದ ವೀರ್ಯದಿಂದ ಮೊದಲ ಕರು ಹುಟ್ಟಿತು. ನಮ್ಮ ಕೊಟ್ಟಿಗೆಯ ಜೆರ್ಸಿ ಕರುವೂ ಆ ತಪ್ಪು ಚೀಟಿಯ ಮೊಮ್ಮಗಳು ಅನ್ನಬಹುದು.

ಆದರೆ ಸ್ಟ್ರಾದಲ್ಲಿ ಇರುವುದು ಕಾಲು ಎಂಎಲ್. ಅದರಲ್ಲಿ ಸುಮಾರು 2 ಕೋಟಿ ವೀರ್ಯಾಣು. ಅರ್ಧ ಸತ್ತರೂ ಯಾರಿಗೂ ನಷ್ಟವಿಲ್ಲ, ಕರುವಿಗೆ ಒಂದೇ ಸಾಕು. ಕಿಡ್ನಿಯಲ್ಲಿ ಹಾಗಲ್ಲ. ಸುಮಾರು 150 ಗ್ರಾಂ ಮಾಂಸದಲ್ಲಿ ರಕ್ತ ಸೋಸುವ ಹತ್ತು ಲಕ್ಷ ಸೂಕ್ಷ್ಮ ಜರಡಿಗಳು, ಅವುಗಳ ಸುತ್ತ ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆ. ಕೋಶಗಳೆಲ್ಲ ಬದುಕಿ, ಒಂದು ದೊಡ್ಡ ನಾಳ ಸೀಳಿದರೂ ಅಂಗ ಹೋಯಿತು. ಹೊರಗಡೆ ಬೇಗ ತಣ್ಣಗಾಗುತ್ತದೆ, ಒಳಗಡೆ ನಿಧಾನ. ಗ್ಲಿಸರಿನ್ ಥರದ ರಾಸಾಯನಿಕ ಎಲ್ಲ ಮೂಲೆಗೂ ತಲುಪಬೇಕು. ಜಾಸ್ತಿಯಾದರೆ ಅದೇ ವಿಷ.

ಪ್ರಕೃತಿಯಲ್ಲಿ ಇದನ್ನು ಸಾಧಿಸಿದ ಪ್ರಾಣಿ ಉಂಟು. ಉತ್ತರ ಅಮೆರಿಕದ ಕಾಡುಕಪ್ಪೆ. ನಮ್ಮ ಕಪ್ಪೆಗಳಿಗೆ ಮಳೆಯದ್ದೊಂದೇ ಯೋಚನೆ, ರಾತ್ರಿಯಿಡೀ ವಟಗುಟ್ಟಿಕೊಂಡು ಸುಖವಾಗಿರುತ್ತವೆ. ಅಲಾಸ್ಕಾದ ಕಪ್ಪೆ ಚಳಿಗಾಲದಲ್ಲಿ ತರಗೆಲೆ ಕೆಳಗೆ ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ. ಮೈಯ ನೀರಿನಲ್ಲಿ ಮೂರರಲ್ಲಿ ಎರಡು ಪಾಲು ಮಂಜು. ಹೃದಯ ಬಡಿಯುವುದಿಲ್ಲ, ಉಸಿರಿಲ್ಲ. ವಸಂತ ಬಂದಾಗ ಕರಗಿ, ಸ್ವಲ್ಪ ಹೊತ್ತು ಪೆಚ್ಚಾಗಿ ಕೂತು, ಕುಪ್ಪಳಿಸಿ ಹೋಗುತ್ತದೆ. ಮೈಗೆ ಮಂಜು ತಾಗಿದ ತಕ್ಷಣ ಅದರ ಲಿವರು ರಾಶಿ ರಾಶಿ ಗ್ಲೂಕೋಸನ್ನು ರಕ್ತಕ್ಕೆ ಸುರಿಯುತ್ತದೆ. ನಮ್ಮಲ್ಲಿ ಅಷ್ಟು ಸಕ್ಕರೆ ಏರಿದರೆ ನೇರ ಐಸಿಯು.

ಕಪ್ಪೆ ಕೋಶದ ಹೊರಗೆ ಮಂಜಾಗಲು ಬಿಟ್ಟು, ಒಳಗನ್ನು ಕಾಪಾಡಿಕೊಳ್ಳುತ್ತದೆ. ವಿಜ್ಞಾನಿಗಳು ಇನ್ನೂ ಮುಂದೆ ಹೋದರು: ಹರಳೇ ಬೇಡ, ಇಡೀ ಅಂಗವನ್ನು ಗಾಜು ಮಾಡಿಬಿಡೋಣ ಎಂದರು. ಇದನ್ನು ತಿಳಿಯಲು ಆಲೆಮನೆಗೆ ಹೋದರೆ ಸಾಕು. ಕಬ್ಬಿನ ಪಾಕವನ್ನು ನಿಧಾನಕ್ಕೆ ಆರಲು ಬಿಟ್ಟು ಕೈಯಾಡಿಸಿದರೆ ಹರಳು ಹರಳಾಗುತ್ತದೆ. ಅದೇ ಗಟ್ಟಿ ಪಾಕವನ್ನು ತಣ್ಣೀರಿಗೆ ಒಂದು ತೊಟ್ಟು ಬಿಟ್ಟರೆ ಥಟ್ಟನೆ ಗಾಜಿನ ಮಣಿಯಾಗುತ್ತದೆ, ಹಲ್ಲಿಗೆ ಸಿಕ್ಕರೆ ಟಪ್ ಎಂದು ಒಡೆಯುತ್ತದೆ. ಗಾಜು ಅಂದರೆ ಇಷ್ಟೇ, ಕಣಗಳು ಸಾಲಾಗಿ ನಿಂತು ಹರಳಾಗುವ ಮೊದಲೇ ಇದ್ದಲ್ಲೇ ನಿಂತುಬಿಡುವುದು. ಅಂಗಕ್ಕೆ ಅದರ ರಕ್ತನಾಳದ ಮೂಲಕವೇ ದಪ್ಪ ದ್ರಾವಣ ಹರಿಸಿ, ಬೇಗ ಬೇಗ ಮೈನಸ್ ನೂರಕ್ಕಿಂತ ಬಹಳ ಕೆಳಗೆ ಇಳಿಸುತ್ತಾರೆ. ಅಲ್ಲಿ ಗಡಿಯಾರ ನಿಂತ ಹಾಗೇ ಲೆಕ್ಕ. ಗ್ರೆಗ್ ಫಾಹಿ ಎಂಬ ಅಮೆರಿಕದ ವಿಜ್ಞಾನಿಯ ತಂಡ ಮೊಲದ ಕಿಡ್ನಿಯೊಂದನ್ನು ಹೀಗೆ ಗಾಜು ಮಾಡಿ, ಕರಗಿಸಿ, ಮತ್ತೆ ಮೊಲಕ್ಕೆ ಹಾಕಿತು. ಅದೊಂದೇ ಕಿಡ್ನಿಯಲ್ಲಿ ಮೊಲ 48 ದಿನ ಬದುಕಿತ್ತು.

ಆದರೆ ಅದು ಒಂದೇ ಮೊಲ. ಯಾಕೆಂದರೆ ಕಷ್ಟ ಇರುವುದು ತಣ್ಣಗೆ ಮಾಡುವುದರಲ್ಲಿ ಅಲ್ಲ, ಬಿಸಿ ಮಾಡುವುದರಲ್ಲಿ. ನಿಧಾನ ಬಿಸಿ ಮಾಡಿದರೆ ದಾರಿಯಲ್ಲಿ ಹರಳು ಹುಟ್ಟುತ್ತದೆ. ಜೋರಾಗಿ ಹೊರಗಿನಿಂದ ಬಿಸಿ ಮಾಡಿದರೆ, ತಣ್ಣನೆ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದ ಹಾಗೆ, ಬಿರುಕು. ಮಿನ್ನೆಸೊಟಾ ವಿಶ್ವವಿದ್ಯಾಲಯದ ಜಾನ್ ಬಿಷಫ್ ಮತ್ತು ಎರಿಕ್ ಫಿಂಗರ್ ಇದಕ್ಕೆ ಕಂಡುಕೊಂಡ ದಾರಿ ಚಂದದ್ದು. ದ್ರಾವಣದ ಜೊತೆಯಲ್ಲೇ ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳನ್ನು ರಕ್ತನಾಳಗಳಿಗೆ ತುಂಬಿದರು. ಆಮೇಲೆ ಇಡೀ ಅಂಗವನ್ನು ಅದಲುಬದಲಾಗುವ ಕಾಂತಕ್ಷೇತ್ರದಲ್ಲಿಟ್ಟರು. ಪ್ರತಿ ಕಣವೂ ಒಂದು ಪುಟ್ಟ ಒಲೆಯಾಯಿತು. ಒಳಗೆ ಹೊರಗೆ ಒಂದೇ ಸಮ ಬಿಸಿ. ಕೆಲಸ ಮುಗಿದ ಮೇಲೆ ಕಣಗಳನ್ನು ತೊಳೆದು ತೆಗೆದರು. 2023ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಇದು: ಇಲಿಯ ಕಿಡ್ನಿಗಳನ್ನು 100 ದಿನದವರೆಗೆ ಗಾಜಾಗಿ ಇಟ್ಟು, ಐದು ಇಲಿಗಳಿಗೆ ಕಸಿ ಮಾಡಿದರು. ಅವುಗಳ ಸ್ವಂತದ ಎರಡೂ ಕಿಡ್ನಿ ತೆಗೆದಿದ್ದರು. ಮೊದಲ ಎರಡು ಮೂರು ವಾರ ಹೊಸ ಕಿಡ್ನಿ ತಡವರಿಸಿತು. ಆಮೇಲೆ ಸರಿಯಾಗಿ ಸೋಸತೊಡಗಿತು. ಐದೂ ಬದುಕಿದವು.

ಇಲಿಯ ಕಿಡ್ನಿ ಒಂದು ಗ್ರಾಂ ಆಸುಪಾಸು, ನಮ್ಮದು ಅದರ ನೂರೈವತ್ತು ಪಟ್ಟು. ಅದಕ್ಕೇ ಈಗ ಗಾತ್ರದಲ್ಲಿ ನಮ್ಮದಕ್ಕೆ ಹತ್ತಿರವಾದ ಹಂದಿಯ ಕಿಡ್ನಿಯ ಮೇಲೆ ಕೆಲಸ ನಡೆದಿದೆ.

ಇದಕ್ಕೆ ಪೂರ್ತಿ ಉಲ್ಟಾ ದಾರಿಯೂ ಒಂದಿದೆ. ತಣ್ಣಗೆ ಮಾಡಲೇಬೇಡಿ, ಅಂಗಕ್ಕೆ ದೇಹ ಬದಲಾಗಿಲ್ಲ ಅನ್ನಿಸುವಂತೆ ನೋಡಿಕೊಳ್ಳಿ ಅನ್ನುವುದು. ಒಂದು ಯಂತ್ರದಲ್ಲಿ 37 ಡಿಗ್ರಿಯಲ್ಲಿ ರಕ್ತ, ಆಮ್ಲಜನಕ, ಆಹಾರ ಎಲ್ಲ ಹರಿಸುತ್ತ ಲಿವರನ್ನು ಕೆಲಸಕ್ಕೆ ಹಚ್ಚುತ್ತಾರೆ. ಅದು ಅಲ್ಲೇ ಪಿತ್ತರಸ ಸುರಿಸುತ್ತದೆ. ಇದರಲ್ಲಿ ನನಗೆ ದೊಡ್ಡದು ಅನ್ನಿಸಿದ್ದು ಸಮಯ ಸಿಗುವುದಷ್ಟೇ ಅಲ್ಲ. ಐಸ್ ಬಾಕ್ಸಿನಲ್ಲಿರುವ ಲಿವರ್ ಚೆನ್ನಾಗಿದೆಯೋ ಇಲ್ಲವೋ ಎಂದು ಹಾಕುವ ತನಕ ಖಚಿತವಿಲ್ಲ, ಚೌತಿಯ ಹಿಂದಿನ ದಿನ ಕಾಯಿ ಒಡೆದ ಮೇಲೆಯೇ ಕೊಳೆತದ್ದು ಗೊತ್ತಾಗುವ ಹಾಗೆ. ಯಂತ್ರದಲ್ಲಾದರೆ ಕೆಲಸ ಮಾಡುವುದು ಕಣ್ಣಿಗೆ ಕಾಣುತ್ತದೆ. 2021ರಲ್ಲಿ ಸ್ವಿಟ್ಜರ್ಲೆಂಡಿನ ಝೂರಿಕ್‌ನಲ್ಲಿ, ಬೇರೆ ಆಸ್ಪತ್ರೆಗಳೆಲ್ಲ ಬೇಡ ಎಂದ ಲಿವರೊಂದನ್ನು ಯಂತ್ರದಲ್ಲಿ ಮೂರು ದಿನ ಇಟ್ಟು, ಔಷಧ ಕೊಟ್ಟು, ಕಸಿ ಮಾಡಿದರು. ವರ್ಷ ಕಳೆದ ಮೇಲೂ ರೋಗಿ ಚೆನ್ನಾಗಿದ್ದರು.

ಇನ್ನೊಂದು ಲಾಭವೂ ಇದೆ. ಅಂಗಕ್ಕೆ ಪೆಟ್ಟು ಬೀಳುವುದು ರಕ್ತವಿಲ್ಲದೆ ಹಸಿದಾಗ ಮಾತ್ರ ಅಲ್ಲ, ಹಸಿದ ಮೇಲೆ ಒಮ್ಮೆಲೇ ರಕ್ತ ನುಗ್ಗಿದಾಗಲೂ. ಮೂರು ದಿನ ಉಪವಾಸವಿದ್ದವನಿಗೆ ಹೋಳಿಗೆ ಊಟ ಬಡಿಸಿದ ಹಾಗೆ. ಯಂತ್ರದಲ್ಲಿ ಗಂಜಿಯಿಂದ ಶುರು ಮಾಡಬಹುದು.

ನನ್ನನ್ನು ಕೇಳಿದರೆ, ಮಲೆನಾಡಿನಂಥ ಕಡೆಗೆ ಮೊದಲು ಉಪಯೋಗಕ್ಕೆ ಬರುವುದು ಗಾಜಿನ ಕಿಡ್ನಿಯಲ್ಲ, ಈ ಯಂತ್ರ. ಬೆಲೆ ಇಳಿಯಬೇಕು, ಜನರೇಟರ್ ಇರಬೇಕು (ಜುಲೈನಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಲೈನ್‌ಮ್ಯಾನಿಗೂ ಗೊತ್ತಿರುವುದಿಲ್ಲ). ಆದರೂ 4 ಗಂಟೆ 8 ಆದರೆ, 12 ಗಂಟೆ 24 ಆದರೆ, ನಕ್ಷೆಯೇ ಬದಲಾಗುತ್ತದೆ. ಘಾಟಿ ಮುಚ್ಚಿದೆ, ಸುತ್ತು ಹಾಕಿ ಹೋಗೋಣ ಅನ್ನುವಷ್ಟು ಪುರುಸೊತ್ತು ಸಿಗುತ್ತದೆ.

ಸದ್ಯಕ್ಕೆ ಯಾವ ಯಂತ್ರವೂ ಬೇಡದ ದಾನ ಒಂದಿದೆ, ಕಣ್ಣು. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಲ್ಲಿ, ಅಂದರೆ ಕಾರ್ನಿಯಾದಲ್ಲಿ, ರಕ್ತನಾಳವೇ ಇಲ್ಲ. ಹಾಗಾಗಿ ಸಾವಿನ ನಂತರ 6 ಗಂಟೆಯ ಒಳಗೆ ಮನೆಯಲ್ಲೇ ತೆಗೆಯಬಹುದು, ಎರಡು ವಾರ ಕಾಪಿಡಬಹುದು. 2006ರಲ್ಲಿ ಡಾ. ರಾಜ್‌ಕುಮಾರ್ ಕಣ್ಣು ಕೊಟ್ಟರು. 2021ರಲ್ಲಿ ಪುನೀತ್ ಅವರ ಎರಡು ಕಾರ್ನಿಯಾಗಳನ್ನು ಪದರ ಬಿಡಿಸಿ ನಾಲ್ಕು ಜನಕ್ಕೆ ಹಾಕಿದರು. ಹೃದಯ, ಲಿವರ್, ಕಿಡ್ನಿ ಹಾಗಲ್ಲ, ಅವು ಹೆಚ್ಚಾಗಿ ಸಿಗುವುದು ಮಿದುಳು ಸತ್ತು, ಯಂತ್ರದ ಉಸಿರಿನಲ್ಲಿ ಹೃದಯ ಬಡಿಯುತ್ತಿರುವಾಗ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ಕು ವೈದ್ಯರ ತಂಡ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಖಚಿತ ಮಾಡಬೇಕು. ಅದೇ 2021ರಲ್ಲಿ ಬೈಕ್ ಅಪಘಾತವಾಗಿ ತೀರಿಕೊಂಡ ನಟ ಸಂಚಾರಿ ವಿಜಯ್ ಅವರ ಮನೆಯವರು ಅಂಥ ಹೊತ್ತಿನಲ್ಲೇ ಒಪ್ಪಿಗೆ ಕೊಟ್ಟದ್ದು. ವಿಜಯ್ ನಮ್ಮ ಪಕ್ಕದ ಕಡೂರು ಸೀಮೆಯವರು. ನಮ್ಮ ರಾಜ್ಯದಲ್ಲಿ ಯಾರ ಅಂಗ ಯಾರಿಗೆ ಎಂಬುದನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರು ಜೀವಸಾರ್ಥಕತೆ. ಪಕ್ಕದ ಮನೆಯವರ ಹೆಸರು ಇರುವುದೂ ಅದರ ಪಟ್ಟಿಯಲ್ಲೇ.

ಇದನ್ನೆಲ್ಲ ಒಂದು ಸಂಜೆ ಜಗಲಿಯಲ್ಲಿ ಕೂತು ಅಪ್ಪಯ್ಯನಿಗೆ ಹೇಳಿದೆ. ಕಪ್ಪೆ ಕತೆಯನ್ನು ಎರಡು ಸಲ ಹೇಳಿಸಿಕೊಂಡರು. ಇಲಿಯ ಭಾಗ ಬಂದಾಗ ಎಲೆ ಅಡಿಕೆ ಮಡಚುವುದನ್ನು ನಿಲ್ಲಿಸಿ, “ಹಂಗಾರೆ ಇಡದೇನೂ ಕಷ್ಟ ಅಲ್ಲ, ತೆಗಿಯದೇ ಕಷ್ಟ ಅನ್ನು” ಎಂದರು. ಆಮೇಲೆ ಪಕ್ಕದ ಮನೆಯ ಕಡೆ ನೋಡಿದರು. ಅಲ್ಲಿ ದೀಪ ಆರಿತ್ತು. ನಾಳೆ ಮೊದಲ ಬಸ್ಸು ಹಿಡಿಯಬೇಕಲ್ಲ, ಬೇಗ ಮಲಗಿದ್ದರು.