ಕೂಸಿನ ಮಂಚಕ್ಕೆ ಹಳೆ ಸಾಗವಾನಿ ಸಾಕು, ಜೋಡಣೆ ನೋಡಿ ತನ್ನಿ

ಮೇ ತಿಂಗಳು ಬಂತೆಂದರೆ ಕಲಬುರಗಿಯಲ್ಲಿ ವರ್ಗಾವಣೆಯಾದವರು ಮನೆ ಖಾಲಿ ಮಾಡಲು ಶುರು ಮಾಡುತ್ತಾರೆ. ಬ್ಯಾಂಕಿನವರು, ಕಾಲೇಜಿನವರು, ಸರ್ಕಾರಿ ನೌಕರರು. ಲಾರಿ ಬಾಡಿಗೆ ಕೊಡುವುದಕ್ಕಿಂತ ಮಾರುವುದೇ ಲೇಸೆಂದು ಮಂಚ, ಅಲಮಾರಿ ಇಲ್ಲೇ ಬಿಟ್ಟು ಹೋಗುತ್ತಾರೆ. ಮನೆಗೆ ಕೂಸು ಬರುವುದಿದ್ದರೆ ಸಾಮಾನು ಹುಡುಕಲು ಇದು ಒಳ್ಳೆ ಕಾಲ. ಆದರೆ ನನ್ನ ಅಂಗಡಿಗೆ ಬರುವ ಅಜ್ಜಿಯರು “ಕೂಸಿಗೆ ಹೊಸಾದೇ ಬೇಕ್ರಿ” ಅನ್ನುತ್ತಾರೆ. ಅವರ ಆಸೆ ಅರ್ಥವಾಗುತ್ತದೆ. ಆದರೂ ಬಡಿಗನಾಗಿ ನಾನು ಹೇಳುವುದು, ನಮ್ಮೂರಿನ ಬಿಸಿಲಿಗೆ ಹಳೆ ಕಟ್ಟಿಗೆಯನ್ನೇ ಜಾಸ್ತಿ ನಂಬಬಹುದು.

ಹಸಿ ಕಟ್ಟಿಗೆ ಒಣಗುವಾಗ ಕುಗ್ಗುತ್ತದೆ, ಸೀಳುತ್ತದೆ, ತಿರುಚಿಕೊಳ್ಳುತ್ತದೆ. ಇಲ್ಲಿ ಬೇಸಿಗೆಯ ಬಿಸಿಲು 43 ಡಿಗ್ರಿ ದಾಟುವುದು ಹೊಸದಲ್ಲ. ಸರಿಯಾಗಿ ಒಣಗಿಸದ ಕಟ್ಟಿಗೆಯ ಮಂಚ ಮೊದಲ ಬೇಸಿಗೆಗೇ ಕಿರುಗುಟ್ಟುತ್ತದೆ. ಹತ್ತಾರು ಬೇಸಿಗೆ ಕಂಡ ಸಾಗವಾನಿ ಬಿರುಕು ಬಿಡುವುದಿದ್ದರೆ ಆಗಲೇ ಬಿಟ್ಟಿರುತ್ತದೆ, ನಿಮ್ಮ ಕಣ್ಣಿಗೂ ಕಾಣುತ್ತದೆ. ಕಡಿಮೆ ದುಡ್ಡಿಗೆ ಸಿಗುವ ಹೊಸ ಮಾಲು ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್, ಅಂದರೆ ಕಟ್ಟಿಗೆ ಚೂರಿಗೆ ಅಂಟು ಹಾಕಿ ಒತ್ತಿದ ಹಲಗೆ. ಕೂಲರ್ ಪಕ್ಕ ಇಟ್ಟರೆ ತೇವಕ್ಕೆ ಉಬ್ಬುತ್ತದೆ. ಒಮ್ಮೆ ಬಿಚ್ಚಿದ ಸ್ಕ್ರೂ ಅದೇ ತೂತಿನಲ್ಲಿ ಮತ್ತೆ ಗಟ್ಟಿ ಕೂರುವುದಿಲ್ಲ. ಅಂಥದ್ದು ಸೆಕೆಂಡ್ ಹ್ಯಾಂಡ್‌ನಲ್ಲಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಬೇಡ.

ನೋಡಲು ಹೋದಾಗ ಪಾಲಿಶ್‌ಗೆ ಮರುಳಾಗಬೇಡಿ. ಮಂಚವನ್ನು ತಿರುಗಿಸಿ ಹಾಕಿಸಿ. ನಮ್ಮ ಶಹಾಬಾದ್ ಪರಸಿಯ, ಅಂದರೆ ಕಲ್ಲು ಹಾಸಿದ ನೆಲದ ಮನೆಗಳಲ್ಲಿ ನೀರು ಹಾಕಿ ನೆಲ ತೊಳೆಯುತ್ತಾರಲ್ಲ, ಅದಕ್ಕೇ ಮೊದಲು ಕೊಳೆಯುವುದು ಕಾಲಿನ ತುದಿ. ಅಲ್ಲಿ ಸ್ಕ್ರೂಡ್ರೈವರ್ ಮೊನೆ ಒತ್ತಿ ನೋಡಿ. ಮೆತ್ತಗೆ ಒಳಗೆ ಹೋದರೆ ಬಿಟ್ಟುಬಿಡಿ. ಸಣ್ಣ ಸಣ್ಣ ತೂತಿದ್ದು ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳ ಇನ್ನೂ ಒಳಗಿದೆ. ಆಮೇಲೆ ಜೋಡಣೆ. ಹಳೆ ಒಳ್ಳೆ ಕೆಲಸದಲ್ಲಿ ಒಂದು ಕಟ್ಟಿಗೆಯ ತುದಿಯನ್ನು ಇನ್ನೊಂದರ ತೂತಿನಲ್ಲಿ ಕೂರಿಸಿ ಬೆಣೆ ಹೊಡೆದಿರುತ್ತಾರೆ. ಇಂಥ ಜೋಡಣೆ ಸಡಿಲವಾಗಿದ್ದರೂ ಚಿಂತೆಯಿಲ್ಲ. ಬಿಚ್ಚಿ, ಹಳೆ ಅಂಟು ಕೆರೆದು, ಮತ್ತೆ ಕೂರಿಸಬಹುದು. ಮೂಲೆಯಲ್ಲಿ ಮೊಳೆ ಮೇಲೆ ಮೊಳೆ ಬಡಿದಿದ್ದರೆ ಮಾತ್ರ ಅನುಮಾನ ಪಡಿ, ಒಳಗೆ ಕಟ್ಟಿಗೆ ಸೀಳಿರುವುದೇ ಜಾಸ್ತಿ. ಮೇಲಿನ ಪಟ್ಟಿ ಹಿಡಿದು ಓರೆಯಾಗಿ ತಳ್ಳಿ. ಮಂಚ ಇಡಿಯಾಗಿ ಸರಿಯಬೇಕು, ವಾಲಬಾರದು. ಹಳೆ ಪರಸಿ ಏರುಪೇರು ಇರುತ್ತದೆ, ಕಾಲು ಕುಣಿದರೆ ಜಾಗ ಬದಲಿಸಿ ಇನ್ನೊಮ್ಮೆ ನೋಡಿ.

ಗಟ್ಟಿ ಇದ್ದ ಮಾತ್ರಕ್ಕೆ ಕೂಸಿಗೆ ಆಗಿಬರುವುದಿಲ್ಲ. ಅಳತೆ ಟೇಪ್ ಜೊತೆಗಿರಲಿ. ಸುತ್ತಲಿನ ಸರಳುಗಳ ನಡುವೆ 6 ಸೆಂಟಿಮೀಟರಿಗಿಂತ ಜಾಸ್ತಿ ಸಂದು ಇರಬಾರದು. ಅಗಲ ಇದ್ದರೆ ಕೂಸಿನ ಮೈ ಹೊರಗೆ ಜಾರಿ ತಲೆ ಸಿಕ್ಕಿಕೊಳ್ಳುತ್ತದೆ. ಬೇರೆಲ್ಲ ಸರಿ ಇದ್ದರೆ ನಡುವೆ ಸರಳು ಸೇರಿಸಿಕೊಡಲು ಬಡಿಗನಿಗೆ ಹೇಳಿ, ದೊಡ್ಡ ಕೆಲಸವೇನಲ್ಲ. ಮೂಲೆ ಕಂಬದ ತುದಿಯ ಗುಂಡುಗಳು ಅಂದವೇ, ಆದರೆ ಅಂಗಿ ಸಿಕ್ಕಿ ಕುತ್ತಿಗೆ ಬಿಗಿಯಬಹುದು. ಕೊಯ್ದು ಸಮ ಮಾಡಿಸಿ. ಒಂದು ಬದಿ ಕೆಳಗೆ ಜಾರುವ ಮಂಚವಂತೂ ಬೇಡವೇ ಬೇಡ. ಆ ಬದಿ ಕಳಚಿ ಮಕ್ಕಳು ಸತ್ತ ಕಾರಣಕ್ಕೆ 2011ರಲ್ಲಿ ಅಮೆರಿಕ ಅವುಗಳ ಮಾರಾಟವನ್ನೇ ನಿಷೇಧಿಸಿತು.

ಗಾದಿ ಮಾತ್ರ ಹೊಸದೇ ಇರಲಿ. ಹಳೆ ಗಾದಿಯ ಜೊತೆ ತಗಣಿ ಬರುತ್ತದೆ. ನಡು ಕುಸಿದ ಗಾದಿಯಲ್ಲಿ ಕೂಸು ಬೋರಲಾದರೆ ಉಸಿರು ಕಟ್ಟುವ ಭಯವೂ ಇದೆ. ಗಾದಿ ಗಟ್ಟಿಯಾಗಿ, ಸಪಾಟಾಗಿ ಇರಬೇಕು. ಗಾದಿಗೂ ಮಂಚದ ಅಂಚಿಗೂ ನಡುವೆ ಎರಡು ಬೆರಳಿಗಿಂತ ಜಾಸ್ತಿ ಜಾಗ ಬೇಡ.

ಬಣ್ಣದ ಬಗ್ಗೆ ನಾನು ಬಹಳ ಬಿಗಿ. ಮನೆ ಬಣ್ಣಗಳಲ್ಲಿ ಸೀಸ ಎಂಬ ವಿಷದ ಲೋಹ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮೆಲ್ ಬಣ್ಣದಲ್ಲಿ ಸೀಸ ಇರಬಹುದು. ಹಲ್ಲು ಬರುವ ಕೂಸು ಮಂಚದ ಅಂಚು ಕಚ್ಚದೆ ಬಿಡುತ್ತದಾ? ಅದನ್ನು ಮನೆಯಲ್ಲಿ ಸ್ಯಾಂಡ್ ಪೇಪರ್‌ನಿಂದ ಉಜ್ಜಿದರೆ ಆ ಧೂಳು ಇನ್ನೂ ಕೆಟ್ಟದ್ದು, ಬಸುರಿ ಇರುವ ಮನೆಯಲ್ಲಂತೂ ಕೂಡದು. ಬಣ್ಣ ಹಚ್ಚಿದ ಹಳೆ ಮಾಲು ಬಿಡಿ. ಬರೀ ಪಾಲಿಶ್ ಇರುವುದನ್ನೇ ಹುಡುಕಿ. ಮತ್ತೆ ಪಾಲಿಶ್ ಬೇಕಾದರೆ ಅರಗಿನದು ಮಾಡಿಸಿ. ಒಣಗಿದ ಅರಗಿನಿಂದ ಅಪಾಯವಿಲ್ಲ, ಔಷಧಿ ಗುಳಿಗೆಯ ಮೇಲೂ ಅದನ್ನು ಹಚ್ಚುತ್ತಾರೆ.

ತವರಿನಿಂದ ಬಂದ ಹಳೆ ತೊಟ್ಟಿಲು ಅಟ್ಟದ ಮೇಲಿದ್ದರೆ ಅದಕ್ಕೂ ಇದೇ ಪರೀಕ್ಷೆ. ಜೊತೆಗೆ ಸರಪಳಿಯ ಕೊಂಡಿ ಸವೆದಿದೆಯೇ ನೋಡಿ, ಸವೆದದ್ದನ್ನು ಬದಲಿಸಿ. ಕೂಸು ಮಗ್ಗುಲಾಗಲು ಅಥವಾ ಕೈ ಊರಿ ಏಳಲು ಶುರು ಮಾಡಿದ ದಿನ ತೊಟ್ಟಿಲು ಬಿಡಿಸಬೇಕು.

ಅಲಮಾರಿ ಎಷ್ಟೇ ಭಾರ ಇರಲಿ, ಗೋಡೆಗೆ ಪಟ್ಟಿ ಹಾಕಿ ಬಿಗಿಸಿ. ಅಂಬೆಗಾಲಿಡುವ ಮಗು ಖಾನೆ ಎಳೆದು ಹತ್ತಿದರೆ ಅದು ಮುಂದಕ್ಕೆ ಮಗುಚುತ್ತದೆ. ಹಳೆ ಕಲ್ಲು-ಮಣ್ಣಿನ ಗೋಡೆಯಲ್ಲಿ ಸ್ಕ್ರೂ ಹಿಡಿಯುವ ಪ್ಲಗ್ ನಿಲ್ಲುವುದಿಲ್ಲ. ಮೊದಲು ಆ ಜಾಗ ಕೆದರಿ ಸಿಮೆಂಟ್ ತುಂಬಿಸಿ, ಚೆನ್ನಾಗಿ ಗಟ್ಟಿಯಾದ ಮೇಲೆ ತೂತು ಕೊರೆಸಿ.